ಹಳೇ ಟ್ರ್ಯಾಕ್ಟರ್ ಚಕ್ರಕ್ಕೆ ಬಣ್ಣ ಹೊಡೆಸುವ ಮುಂಚೆ ಇದನ್ನೊಮ್ಮೆ ಓದಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಹಳೇ ಗಾರ್ಡನ್ ಟ್ರ್ಯಾಕ್ಟರ್ ತಂದು ರಿಪೇರಿ ಮಾಡುವ ಹುಚ್ಚು ಇರುವವರು ಸುಮಾರು ಜನ ಇದ್ದಾರೆ. ಅವರಿಗೆ ಒಂದೇ ಮಾತು. ಚಕ್ರದ ಹಳೇ ಬಣ್ಣ ಕೆರೆದು ಹಾಕುವ ಮುಂಚೆ, ಯಾವ ಹಳದಿ, ಯಾವ ಬಿಳಿ, ಅದರ ನಂಬರ್ ಏನು ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿಗೆ ಚಕ್ರ ಬಿಟ್ಟು ಬರಬೇಡಿ. ಆ ಬಾಯಿಮಾತಿನ ಅಂಗಡಿಯವರಿಂದ ನನಗೆ ದುಡ್ಡೂ ಹೋಯಿತು, ಒಂದು ಬೇಸಿಗೆಯೂ ಹೋಯಿತು.

ನನ್ನದು ಜಾನ್ ಡಿಯರ್ 110. ಊರಿನಲ್ಲಿ ಉಳುವ ಟ್ರ್ಯಾಕ್ಟರ್ ನೋಡಿದವರಿಗೆ ಇದು ಆಟಿಕೆ ಥರ ಕಾಣಬಹುದು. ಹುಲ್ಲು ಕತ್ತರಿಸಲು, ಹಿಮ ತಳ್ಳಲು, ಸಣ್ಣ ತೋಟ ಹದ ಮಾಡಲು ಅಂತ ಮಾಡಿದ ಗಾಡಿ. ಆ ಕಂಪನಿಯ ಮೊದಲ ಗಾರ್ಡನ್ ಟ್ರ್ಯಾಕ್ಟರ್ ಇದೇ. 1963ರಲ್ಲಿ ವಿಸ್ಕಾನ್ಸಿನ್‌ನ ಹೊರಿಕಾನ್ ಕಾರ್ಖಾನೆಯಿಂದ ಹೊರಬಂತು. ಮೊದಲ ವರ್ಷ 7 ಹಾರ್ಸ್‌ಪವರ್‌ನ ಕೋಹ್ಲರ್ ಎಂಜಿನ್, ಮುಂದಿನ ವರ್ಷದಿಂದ 8. ಮೈ ಹಸಿರು, ಚಕ್ರ ಹಳದಿ. ಇಷ್ಟೇ ತಾನೇ, ಇದರಲ್ಲಿ ತಪ್ಪಾಗುವುದಕ್ಕೆ ಏನಿದೆ ಅಂತ ಯಾರಿಗಾದರೂ ಅನಿಸುತ್ತದೆ.

ಅಸಲು ವಿಷಯ ಏನೆಂದರೆ, ಜಾನ್ ಡಿಯರ್‌ನಲ್ಲಿ ಹಳದಿ ಒಂದಲ್ಲ. ಹೊಲದ ಗಾಡಿಗಳಿಗೆ ಒಂದು, ಅದನ್ನು 'ಅಗ್ರಿಕಲ್ಚರಲ್ ಯೆಲ್ಲೋ' ಅಂತಾರೆ. ಬುಲ್ಡೋಜರ್, ಲೋಡರ್‌ಗಳಿಗೆ ಇನ್ನೊಂದು, ಅದು 'ಇಂಡಸ್ಟ್ರಿಯಲ್' ಅಥವಾ 'ಕನ್‌ಸ್ಟ್ರಕ್ಷನ್ ಯೆಲ್ಲೋ'. ಮೊದಲನೆಯದು ತಿಳಿ ಹಳದಿ. ಎರಡನೆಯದು ಮಾಗಿದ ಮಾವಿನಹಣ್ಣಿನ ಕಡೆ ವಾಲುತ್ತದೆ. ಬೇರೆ ಬೇರೆ ನೋಡಿದರೆ ಎರಡೂ ಸರಿಯೇ ಅನಿಸುತ್ತವೆ. ಹಸಿರು ಮೈ ಪಕ್ಕ ಇಟ್ಟ ಮೇಲೆ ಗೊತ್ತಾಗುತ್ತದೆ. ಹಸಿರಿನಲ್ಲೂ ಇದೇ ಕಥೆ, ಹಳೇ ಗಾಡಿಗಳಿಗೆ 'ಕ್ಲಾಸಿಕ್ ಗ್ರೀನ್' ಅಂತಲೇ ಬೇರೆ ಡಬ್ಬಿ ಬರುತ್ತದೆ. ನನ್ನದು ಚಕ್ರದ ಸಮಸ್ಯೆ ಮಾತ್ರ, ಹಾಗಾಗಿ ಹಸಿರನ್ನು ಇಲ್ಲಿಗೇ ಬಿಡುತ್ತೇನೆ.

ನಾನು ಚಕ್ರ ಕೊಟ್ಟದ್ದು ಪೌಡರ್ ಕೋಟಿಂಗ್ ಅಂಗಡಿಗೆ, ಅಂದರೆ ಪುಡಿ ಬಣ್ಣ ಹೊಡೆದು ಬಿಸಿಯಲ್ಲಿ ಬೇಯಿಸುವವರಿಗೆ. ಕೊಡುವಾಗ ಅವರಿಗೆ ಹೇಳಿದ್ದು ಎರಡೇ ಮಾತು. ಇದು ಕೃಷಿ ಗಾಡಿಯ ಹಳದಿ ಆಗಬೇಕು. ಹಳೇ ಬಣ್ಣ ತೆಗೆಯಲು ಮರಳು ಹೊಡೆಯುವ ಮುಂಚೆ, ಹಿಂದಿನ ಚಕ್ರ ಹಬ್ ಮೇಲೆ ಕೂರುವ ಜಾಗದಲ್ಲಿ ಹಳೇ ಬಣ್ಣ ಚೆನ್ನಾಗಿದೆ, ಅದಕ್ಕೆ ಹೋಲಿಸಿ ನೋಡಿ. ಅವರು ತಲೆ ಆಡಿಸಿದರು. ಜಾನ್ ಡಿಯರ್ ಚಕ್ರ ವಾರಕ್ಕೊಂದು ಬರುತ್ತದೆ, ಯೋಚನೆ ಮಾಡಬೇಡಿ ಅಂದರು. ಕೊನೆಗೆ ಕೈಗೆ ಬಂದದ್ದು ರಸ್ತೆ ಕೆಲಸದ ಲೋಡರ್‌ನ ಹಳದಿ. ಯಾರದೋ ಕೆಲಸಕ್ಕೆ ತರಿಸಿ ಮಿಕ್ಕಿದ್ದ ಪುಡಿಯನ್ನೇ ನನ್ನ ಚಕ್ರಕ್ಕೂ ಹೊಡೆದಿದ್ದರು. ಕೇಳಿದ್ದಕ್ಕೆ, "ಡಬ್ಬದ ಮೇಲೂ ಜಾನ್ ಡಿಯರ್ ಹಳದಿ ಅಂತಲೇ ಇದೆ" ಅಂದರು. ಅದೂ ಸುಳ್ಳಲ್ಲ, ನೋಡಿ! ಬಿಲ್‌ನಲ್ಲಿ ಬರೀ 'ಹಳದಿ' ಅಂತ ಇತ್ತು. ದುಡ್ಡು ವಾಪಸ್ ಇಲ್ಲ, ಬೇಕಾದರೆ ಮತ್ತೆ ಮರಳು ಹೊಡೆದು ಹೊಸದಾಗಿ ಮಾಡುತ್ತೇವೆ, ಅದರ ಚಾರ್ಜ್ ಬೇರೆ ಅಂದರು.

ಬಣ್ಣ ತಪ್ಪಿದ್ದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಮರಳು ಹೊಡೆದ ಮೇಲೆ ಚಕ್ರದ ಮೇಲೆ ಅಸಲಿ ಬಣ್ಣ ಒಂದು ಚೂರೂ ಉಳಿಯಲಿಲ್ಲ. ಇನ್ನು ಯಾವುದಕ್ಕೆ ಅಂತ ಹೋಲಿಸುವುದು? ಫೋಟೋ ಇದ್ದರೆ ಸಾಕು ಅಂದುಕೊಳ್ಳಬೇಡಿ. ಫೋನ್ ಕ್ಯಾಮೆರಾ ಹಳದಿಯನ್ನು ತನಗಿಷ್ಟ ಬಂದಂತೆ ತಿದ್ದುತ್ತದೆ. ಅದೇ ಚಕ್ರ ಬೆಳಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ಬರುತ್ತದೆ.

ಇಲ್ಲಿನ ಕನ್ನಡ ಕೂಟದ ಗೆಳೆಯರೊಬ್ಬರ ಹತ್ತಿರ 112 ಇದೆ. ಅದು 1966ರಲ್ಲಿ ಬಂದ ಮಾಡೆಲ್, ಚಕ್ರ ಯಾರೂ ಮುಟ್ಟಿಲ್ಲ. "ಗುರು, ಅಳಬೇಡ, ನನ್ನ ಚಕ್ರ ತಗೊಂಡು ಹೋಗು" ಅಂತ ಬಿಚ್ಚಿಯೇ ಕೊಟ್ಟರು. ಅದನ್ನು ಹಿಡಿದು ಕಾರ್ ಪೇಂಟ್ ಅಂಗಡಿಗೆ ಹೋದೆ. ಅಲ್ಲಿ ಬಣ್ಣ ಓದುವ ಯಂತ್ರ ಇರುತ್ತದೆ. ಅದನ್ನು ಇಟ್ಟ ಜಾಗದ ಬಣ್ಣಕ್ಕೆ ತಕ್ಕಂತೆ ಕಂಪ್ಯೂಟರ್ ಲೆಕ್ಕ ಕೊಡುತ್ತದೆ, ಅವರು ಕಲಸಿ ಕೊಡುತ್ತಾರೆ. ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆ ಬಣ್ಣ ಕಲಸುವುದನ್ನು ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಹಾಗೆಯೇ.

ಅಲ್ಲಿ ಇನ್ನೊಂದು ಆಟ. ಕೌಂಟರ್‌ನಲ್ಲಿದ್ದವರು ಯಂತ್ರವನ್ನು ಚಕ್ರದ ಹೊರಮುಖಕ್ಕೆ ಇಟ್ಟರು. ಬೋಲ್ಟ್‌ನ ವಾಷರ್ ಅಡಿಯಲ್ಲಿ ಬಿಸಿಲು ತಾಗದೆ ಅಸಲಿ ಬಣ್ಣ ಉಳಿದಿದ್ದ ಜಾಗ ತೋರಿಸಿದರೂ, ಅದು ಸಣ್ಣದು, ಯಂತ್ರ ಕೂರುವುದಿಲ್ಲ ಅಂದರು. ಐವತ್ತು ವರ್ಷಕ್ಕೂ ಜಾಸ್ತಿ ಬಿಸಿಲು ತಿಂದ ಬಣ್ಣದ ಮೇಲ್ಪದರ ಸುಣ್ಣದ ಪುಡಿಯಂತೆ ಆಗಿರುತ್ತದೆ. ಬೆರಳು ಉಜ್ಜಿದರೆ ಕೈಗೆ ಹತ್ತುತ್ತದೆ. ಯಂತ್ರ ಆ ಪುಡಿಯ ಬಣ್ಣವನ್ನೇ ನಂಬುತ್ತದೆ, ಅದರ ಅಡಿಯಲ್ಲಿ ಏನಿದೆ ಅನ್ನುವುದು ಅದಕ್ಕೆ ಬೇಡ. ಪಾಲಿಶಿಂಗ್ ಕಾಂಪೌಂಡ್ ಹಾಕಿ ಅಂಗೈಯಗಲ ಉಜ್ಜಿದ್ದರೆ ಅಡಿಯ ಬಣ್ಣ ಬಂದೇ ಬರುತ್ತಿತ್ತು. ಅದಕ್ಕೂ ಅವರಿಗೆ ಪುರುಸೊತ್ತಿಲ್ಲ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಡಬ್ಬಿಯ ಮುಚ್ಚಳಕ್ಕೆ ಒಂದು ಬೊಟ್ಟು ಇಟ್ಟು, ನೋಡಿ ಸರಿಯಾಗಿದೆ ಅಂದರು. ಹೊರಗೆ ಬಿಸಿಲಲ್ಲಿ ಅದೇ ಬೊಟ್ಟು ಸ್ವಲ್ಪ ಹಸಿರು ಹೊಡೆಯುತ್ತಿತ್ತು. ಬೇರೆ ಬೇರೆ ಪಿಗ್ಮೆಂಟ್‌ನಿಂದ ಮಾಡಿದ ಎರಡು ಬಣ್ಣ ಒಂದು ದೀಪದಲ್ಲಿ ಒಂದೇ ಥರ ಕಂಡು, ಇನ್ನೊಂದು ಬೆಳಕಲ್ಲಿ ಬೇರೆಯಾಗಿ ಕಾಣುವುದು ಸಹಜ. ಬಣ್ಣ ಮಾರುವವರಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ. ಕಲಸಿದ ಬಣ್ಣ ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು, ಅದನ್ನು ಮಾತ್ರ ಚೆನ್ನಾಗಿ ತೋರಿಸಿದರು.

ಕೊನೆಗೆ ಕೆಲಸಕ್ಕೆ ಬಂದದ್ದು ತುಂಬಾ ಸರಳವಾದ ದಾರಿ. ಡೀಲರ್ ಹತ್ತಿರ ಸಿಗುವ ಕಂಪನಿಯದೇ ಡಬ್ಬಿ, ಕೃಷಿ ಹಳದಿ ಅಂತ ಲೇಬಲ್ ಇರುವುದು. ತಗಡಿನ ತುಂಡಿಗೆ ಹೊಡೆದು, ಒಣಗಿಸಿ, ಗೆಳೆಯರ ಚಕ್ರದ ವಾಷರ್ ಅಡಿಯ ಜಾಗದ ಪಕ್ಕ ಬಿಸಿಲಲ್ಲಿ ಇಟ್ಟು ನೋಡಿದೆ. ಕೂತಿತು. ನೀವೂ ಇದನ್ನೇ ಮೊದಲು ಮಾಡಿ. ಸ್ಪ್ರೇ ಕ್ಯಾನ್ ಮತ್ತು ಬ್ರಷ್ ಡಬ್ಬಿ ಎರಡನ್ನೂ ಬಳಸುವುದಾದರೆ ಎರಡನ್ನೂ ತುಂಡಿಗೆ ಹೊಡೆದು ನೋಡಿ, ಹೆಸರು ಒಂದೇ ಇದ್ದರೂ ಬಣ್ಣ ಒಂಚೂರು ಆಚೀಚೆ ಬರಬಹುದು. ಮುಚ್ಚಳದ ಬಣ್ಣವನ್ನಂತೂ ನಂಬಲೇಬೇಡಿ. ನಾಲ್ಕು ಚಕ್ರಕ್ಕೆ ಬೇಕಾದಷ್ಟನ್ನು ಒಟ್ಟಿಗೆ ಕೊಂಡು, ಡಬ್ಬಿ ಬಣ್ಣವಾದರೆ ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ.

ಪ್ರೈಮರ್ ವಿಷಯದಲ್ಲೂ ಹುಷಾರು. ಊರಿನ ಗೇಟು, ಕಿಟಕಿ ಸರಳಿಗೆ ಬಳಿಯುವ ರೆಡ್ ಆಕ್ಸೈಡ್ ಇದೆಯಲ್ಲ, ಅದರ ಮೇಲೆ ಹಳದಿ ಹೊಡೆದರೆ ಕಿತ್ತಳೆಯ ಛಾಯೆ ಬರುತ್ತದೆ. ಈಗಿನ ಎಷ್ಟೋ ಹಳದಿಗಳಿಗೆ ಅಡಿಯ ಬಣ್ಣ ಮುಚ್ಚುವ ಶಕ್ತಿ ಕಮ್ಮಿ. ಬಿಳಿ ಅಥವಾ ತಿಳಿ ಬೂದು ಪ್ರೈಮರ್ ಹಾಕಿ. ಹಳೇ ಕಾಲದ ಹಳದಿ ಬಣ್ಣಗಳು ಚೆನ್ನಾಗಿ ಮುಚ್ಚುತ್ತಿದ್ದದ್ದಕ್ಕೆ ಕಾರಣ ಲೆಡ್ ಕ್ರೋಮೇಟ್, ಅಂದರೆ ಸೀಸ ಮತ್ತು ಕ್ರೋಮಿಯಂ. ಎರಡೂ ವಿಷವೇ. ಅಮೆರಿಕದಲ್ಲಿ 1978ರಲ್ಲಿ ಮನೆ ಬಳಕೆಯ ಬಣ್ಣದಲ್ಲಿ ಸೀಸ ನಿಷೇಧಿಸಿದರು. ಆದರೆ ಕೃಷಿ ಯಂತ್ರಗಳಿಗೆ ಮತ್ತೆ ಬಳಿಯುವ ಬಣ್ಣಕ್ಕೆ ವಿನಾಯಿತಿ ಕೊಟ್ಟರು. ಆದ್ದರಿಂದ ಹಳೇ ಚಕ್ರವನ್ನು ಒಣ ಉಪ್ಪು ಕಾಗದದಲ್ಲಿ ಉಜ್ಜಿ ಗ್ಯಾರೇಜ್ ತುಂಬಾ ಧೂಳು ಎಬ್ಬಿಸಬೇಡಿ, ಅದರಲ್ಲೂ ಮಕ್ಕಳು ಓಡಾಡುವ ಮನೆಯಲ್ಲಿ. ನೀರು ಹಾಕಿ ಉಜ್ಜಿ, ಸರಿಯಾದ ಮಾಸ್ಕ್ ಹಾಕಿ. ಹೊಸ ಬಣ್ಣಕ್ಕೆ ಹಾರ್ಡನರ್ (ಬಣ್ಣ ಬೇಗ ಗಟ್ಟಿಯಾಗಲು ಹಾಕುವ ದ್ರವ) ಬೆರೆಸುವುದಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅದರಲ್ಲಿ ಸಾಮಾನ್ಯವಾಗಿ ಇರುವ ಐಸೋಸಯನೇಟ್ ಉಸಿರಿಗೆ ಹೋದರೆ ಆಸ್ತಮಾ ಬರಬಹುದು, ಬಟ್ಟೆಯ ಮಾಸ್ಕ್ ಅದಕ್ಕೆ ಏನೇನೂ ಸಾಲದು. ಮನೆಯಲ್ಲಿ ಹೊಡೆಯುವವರು ಹಾರ್ಡನರ್ ಇಲ್ಲದೆಯೇ ಹೊಡೆದು, ಒಣಗಲು ಹೆಚ್ಚು ದಿನ ಬಿಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಬೇರೆ ಕಂಪನಿಯ ಗಾಡಿ ಇರುವವರೂ ಇದೇ ಹಳ್ಳಕ್ಕೆ ಬೀಳಬಹುದು. ಕಬ್ ಕೆಡೆಟ್ ಹಳದಿ-ಬಿಳಿ ಗಾಡಿ. ಅದನ್ನು ಮೊದಲು ಮಾಡುತ್ತಿದ್ದದ್ದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, 1981ರಲ್ಲಿ ಅದು ಎಂಟಿಡಿ ಅನ್ನುವ ಕಂಪನಿಯ ಕೈಗೆ ಹೋಯಿತು. ಈಗಿನ ಕಬ್ ಕೆಡೆಟ್ ಡಬ್ಬಿ ಹಳೇ ಗಾಡಿಗೂ ಹೊಂದುತ್ತದೆ ಅಂತ ಅಂಗಡಿಯವರು ಹೇಳಿದರೆ ತುಂಡಿಗೆ ಹೊಡೆದು ನೋಡದೆ ಒಪ್ಪಬೇಡಿ. ಜಾನ್ ಡಿಯರ್‌ನಲ್ಲೇ 1969ರ ಸುಮಾರಿಗೆ ಪ್ಯಾಟಿಯೋ ಸೀರೀಸ್ ಅಂತ ಬಂತು, ಬಿಳಿ ಮೈ, ಬಾನೆಟ್ಟು ಮತ್ತು ಸೀಟು ಕೆಂಪು, ಕಿತ್ತಳೆ, ನೀಲಿ ಅಥವಾ ಹಳದಿ. ಅಂಥದ್ದು ಸಿಕ್ಕರೆ ಹಸಿರು-ಹಳದಿ ಬಳಿದು ಕೆಡಿಸಿಬಿಡಬೇಡಿ, ಪ್ಲೀಸ್.

ಇನ್ನು ಪೌಡರ್ ಕೋಟಿಂಗ್ ಮಾಡಿಸಲೇಬೇಕು ಅನ್ನುವವರಿಗೆ. ಪುಡಿಯನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೇಯಿಸುತ್ತಾರೆ. ಹಾಗಾಗಿ ಟೈರು, ಟ್ಯೂಬು, ಮುಂದಿನ ಚಕ್ರದ ಬುಶ್ ಅಥವಾ ಬೇರಿಂಗ್ ಎಲ್ಲವನ್ನೂ ತೆಗೆದು ಕೊಡಿ. ಗ್ರೀಸ್ ನಿಪ್ಪಲ್‌ನ ತೂತಿಗೆ ಬಿರಡೆ ಹಾಕಿಸಿ. ನನ್ನ ಮುಂದಿನ ಚಕ್ರದಲ್ಲಿ ಅವರು ಹಾಕಿರಲಿಲ್ಲ, ತೂತಿನ ತುಂಬಾ ಮರಳು. ಬೋಲ್ಟ್ ಕೂರುವ ಜಾಗವನ್ನು ಮುಚ್ಚಿ ಹೊಡೆಯಲು ಹೇಳಿ, ಅದನ್ನೂ ಬಿಲ್ ಮೇಲೆ ಬರೆಸಿ. ಅಲ್ಲಿ ದಪ್ಪ ಪದರ ಕೂತರೆ ಗಾಡಿ ಓಡಿದ ಹಾಗೆಲ್ಲ ಅದು ಅಮುಕಿಕೊಂಡು ಬೋಲ್ಟ್ ಸಡಿಲ ಆಗುತ್ತದೆ. ಈಗಾಗಲೇ ಹಾಗೆ ಹೊಡೆಸಿಕೊಂಡು ಬಂದಿದ್ದರೆ ಆ ಜಾಗದ ಬಣ್ಣ ಕೆರೆದು ತೆಗೆಯಿರಿ. ಅರ್ಧ ಗಂಟೆ ಓಡಿಸಿದ ಮೇಲೊಮ್ಮೆ, ಮೊದಲ ಸಲ ಹುಲ್ಲು ಕತ್ತರಿಸಿದ ಮೇಲೊಮ್ಮೆ ಎಲ್ಲ ಬೋಲ್ಟ್‌ಗಳಿಗೂ ಸ್ಪ್ಯಾನರ್ ಹಾಕಿ ನೋಡಿ.