ಮೇಂಟೆನೆನ್ಸ್ ಟೈಮಲ್ಲಿ ಅಲರ್ಟ್ ಬಾಯಿ ಮುಚ್ಸೋದು: ನಾಗಿಯೋಸ್, ಜ್ಯಾಬಿಕ್ಸ್, ಅಲರ್ಟ್‌ಮ್ಯಾನೇಜರ್, ಪೇಜರ್‌ಡ್ಯೂಟಿ

ಸರ್ವರಿಗೆ ಪ್ಯಾಚಿಂಗ್ (ಸಾಫ್ಟ್‌ವೇರ್ ಅಪ್‌ಡೇಟ್ ಹಾಕೋದು) ಇರೋ ರಾತ್ರಿ ಅಲರ್ಟ್ ಆಫ್ ಮಾಡೋದು ಯಾವ ಟೂಲಲ್ಲಾದ್ರೂ ಸುಲಭನೇ, ಅದರಲ್ಲಿ ಹೋಲಿಸೋಕೆ ಅಂಥದ್ದೇನಿಲ್ಲ. ನಾನು ನೋಡೋದು, ವಿಂಡೋ, ಅಂದ್ರೆ ಮೇಂಟೆನೆನ್ಸಿಗೆ ಅಂತ ಇಟ್ಟಿರೋ ಟೈಮ್, ಮುಗಿದ್ಮೇಲೂ ಒಂದು ಸರ್ವಿಸ್ ಏಳ್ದೇ ಬಿದ್ಕೊಂಡಿದ್ರೆ ಆ ಟೂಲ್ ನಂಗೆ ಹೇಳತ್ತಾ ಇಲ್ವಾ ಅಂತ. ಮೇಲೆ ಹೆಸರಿರೋ ಈ ನಾಲ್ಕೂ ಸರ್ವರ್ ಕಾಯೋ ಇಲ್ಲಾ ಅಲರ್ಟನ್ನ ಜನರಿಗೆ ತಲುಪಿಸೋ ಟೂಲ್‌ಗಳು, ನಾಲ್ಕನ್ನೂ ಬೇರೆ ಬೇರೆ ಕೆಲಸಗಳಲ್ಲಿ ಬಳಸಿದೀನಿ, ಎರಡು ಈಗ್ಲೂ ದಿನಾ ಬಳಸ್ತೀನಿ. ಈ ಒಂದು ಪ್ರಶ್ನೆ ಇಟ್ಕೊಂಡು ನೋಡಿದ್ರೆ ನಾಲ್ಕೂ ನಾಲ್ಕು ಥರ.

ನಾಗಿಯೋಸ್‌ನಿಂದ ಶುರು ಮಾಡೋಣ, ಮುದುಕಪ್ಪ ಅದು, ಸ್ಕ್ರೀನ್ ನೋಡಿದ್ರೇ ವಯಸ್ಸು ಗೊತ್ತಾಗತ್ತೆ. ಆದ್ರೆ ಅದರಲ್ಲಿರೋ ಫ್ಲೆಕ್ಸಿಬಲ್ ಡೌನ್‌ಟೈಮ್ ನಂಗಿನ್ನೂ ತುಂಬಾ ಇಷ್ಟ. ಫಿಕ್ಸೆಡ್ ಅಂದ್ರೆ 1ರಿಂದ 5 ಗಂಟೆ ಅಂತ ಹಾಕಿದ್ರೆ ಆ ನಾಲ್ಕು ಗಂಟೆನೂ ಗಪ್‌ಚುಪ್. ಫ್ಲೆಕ್ಸಿಬಲ್‌ನಲ್ಲಿ 1ರಿಂದ 5ರ ಒಳಗೆ ಯಾವಾಗಾದ್ರೂ ಒಂದು ಗಂಟೆ ಅಂತ ಹೇಳ್ಬಹುದು, ಸರ್ವರ್ 2:40ಕ್ಕೆ ಡೌನ್ ಆದ್ರೆ ಅಲ್ಲಿಂದ ಲೆಕ್ಕ ಶುರು, 3:40ಕ್ಕೆ ಇನ್ನೂ ಮೇಲೆ ಬಂದಿಲ್ಲ ಅಂದ್ರೆ ಕೂಗತ್ತೆ. ಆ ರಾತ್ರಿ ಸರ್ವರ್ ಡೌನೇ ಆಗ್ಲಿಲ್ಲ ಅಂದ್ರೆ ಡೌನ್‌ಟೈಮ್ ಸುಮ್ನೆ ಮುಗಿದು ಹೋಗತ್ತೆ. ವೆಂಡರ್ ಇಂಜಿನಿಯರ್ ಯಾವಾಗ ಕೈ ಹಾಕ್ತಾನೋ ಗೊತ್ತಿಲ್ದಿರೋ ಕೆಲಸಕ್ಕೆ ಇದಕ್ಕಿಂತ ಚೆನ್ನಾಗಿರೋದು ನಾನು ನೋಡಿಲ್ಲ. ಪ್ರತಿ ಭಾನುವಾರ ರಿಪೀಟ್ ಆಗ್ಬೇಕು ಅಂದ್ರೆ ಮಾತ್ರ ನಾಗಿಯೋಸ್ ಕೋರ್‌ನಲ್ಲಿ (ಫ್ರೀಯಾಗಿ ಸಿಗೋ ಮೂಲ ಆವೃತ್ತಿ) ಆ ಸೌಲಭ್ಯ ಇಲ್ಲ, ಕ್ರಾನ್ (ಹೇಳಿದ ಟೈಮಿಗೆ ಕಮಾಂಡ್ ಓಡಿಸೋ ಟೂಲ್) ಬರ್ಕೊಂಡು, ನಾಗಿಯೋಸ್ ಹೊರಗಿಂದ ಆದೇಶ ತಗೊಳೋ ಎಕ್ಸ್‌ಟರ್ನಲ್ ಕಮಾಂಡ್ ಫೈಲಿಗೆ ಒಂದು ಲೈನ್ ತಳ್ಬೇಕು.

ಜ್ಯಾಬಿಕ್ಸಲ್ಲಿ ರಿಪೀಟ್ ಮಾಡೋದು ಆರಾಮ, ದಿನ, ವಾರ, ತಿಂಗಳು ಎಲ್ಲ ಫಾರ್ಮಲ್ಲೇ ಇದೆ, ಆದ್ರೆ ಆ ಫಾರ್ಮೇ ಹೊಸಬರನ್ನ ಬೀಳ್ಸತ್ತೆ. ಆಕ್ಟಿವ್ ಸಿನ್ಸ್, ಆಕ್ಟಿವ್ ಟಿಲ್ ಅಂತ ಎರಡು ಡೇಟ್ ಕೇಳತ್ತೆ, ಅದನ್ನ ತುಂಬಿದ ತಕ್ಷಣ ಆಯ್ತು ಅಂದ್ಕೊಳ್ತಾರೆ, ಆದ್ರೆ ಅದು ಬರೀ ಹೊರಗಿನ ಬೇಲಿ, ನಿಜವಾದ ಟೈಮ್ ಪೀರಿಯಡ್ ಅನ್ನೋ ಕಡೆ ಬೇರೆ ಹಾಕ್ಬೇಕು, ಎರಡೂ ಒಂದರೊಳಗೊಂದು ಕೂತ್ರೆ ಮಾತ್ರ ಹೋಸ್ಟ್ (ಕಾಯ್ತಿರೋ ಸರ್ವರ್) ಮೇಂಟೆನೆನ್ಸಿಗೆ ಹೋಗತ್ತೆ. ವಾರಕ್ಕೊಮ್ಮೆ ಅಂತ ನೀಟಾಗಿ ಹಾಕಿಟ್ಟಿರೋ ಪೀರಿಯಡ್ ಒಂದು ದಿನ ಇದ್ದಕ್ಕಿದ್ದಂಗೆ ಕೆಲಸ ಮಾಡ್ಲಿಲ್ಲ ಅಂದ್ರೆ ಮೊದಲು ನೋಡ್ಬೇಕಾದ್ದು ಆಕ್ಟಿವ್ ಟಿಲ್ ಡೇಟ್ ದಾಟಿದ್ಯಾ ಅಂತ.

ಇನ್ನೊಂದು ಆಯ್ಕೆ ಇದೆ, ಡೇಟಾ ಕಲೆಕ್ಷನ್ ಇಟ್ಕೊಂಡು ಮೇಂಟೆನೆನ್ಸ್ ಮಾಡೋದಾ ಅಥವಾ ಡೇಟಾನೂ ನಿಲ್ಸೋದಾ ಅಂತ. ಎರಡನೇದನ್ನ ಯಾಕಾದ್ರೂ ಆರಿಸ್ಬೇಕೋ ನಂಗೆ ಗೊತ್ತಿಲ್ಲ. ಕರ್ನಲ್ ಅಪ್‌ಗ್ರೇಡ್ ಆದ್ಮೇಲೆ ಲೋಡ್ ಹೆಂಗಿತ್ತು, ಮೆಮೊರಿ ಎಲ್ಲಿಂದ ಏರಕ್ಕೆ ಶುರುವಾಯ್ತು ಅಂತ ಬೆಳಿಗ್ಗೆ ನೋಡೋಕೆ ಹೋದ್ರೆ ಗ್ರಾಫಲ್ಲಿ ಸರಿಯಾಗಿ ಆ ಜಾಗದಲ್ಲೇ ತೂತು. ಡೇಟಾ ಇಟ್ಕೊಂಡ್ರೆ ಟ್ರಿಗರ್ (ಪ್ರಾಬ್ಲಮ್ ಇದ್ಯಾ ಅಂತ ನೋಡೋ ರೂಲ್) ಎಲ್ಲ ಎಂದಿನಂತೆ ಓಡತ್ತೆ, ಪ್ರಾಬ್ಲಮ್ ಸಪ್ರೆಸ್ ಆಗಿರತ್ತೆ, ಅಂದ್ರೆ ಅದುಮಿಟ್ಟಿರತ್ತೆ ಅಷ್ಟೆ, ಮೇಂಟೆನೆನ್ಸ್ ಮುಗಿದಾಗ ಇನ್ನೂ ಸರಿ ಹೋಗಿಲ್ಲ ಅಂದ್ರೆ ಆಗ ಮೆಸೇಜ್ ಬರತ್ತೆ. ನಂಗೆ ಬೇಕಿದ್ದಿದ್ದು ಇದೇ. ಯಾರಿಗೆ ಯಾವಾಗ ಮೆಸೇಜ್ ಹೋಗ್ಬೇಕು ಅಂತ ಹೇಳೋ ಆಕ್ಷನ್ ಪೇಜಲ್ಲಿ ಸಪ್ರೆಸ್ ಆಗಿರೋ ಪ್ರಾಬ್ಲಮ್ಮಿಗೆ ಆಪರೇಷನ್ (ಮೆಸೇಜ್ ಕಳಿಸೋದು) ತಡೆಯೋ ಟಿಕ್ ಒಂದಿದೆ, ಅದನ್ನ ಯಾರಾದ್ರೂ ತೆಗೆದಿದ್ರೆ ಮೇಂಟೆನೆನ್ಸ್ ಹಾಕಿದ್ರೂ ಮೆಸೇಜ್ ಬರ್ತಾನೇ ಇರತ್ತೆ, ಅದೊಂದು ನೋಡ್ಕೊಳ್ಳಿ.

ಅಲರ್ಟ್‌ಮ್ಯಾನೇಜರ್ ದಾರಿನೇ ಬೇರೆ, ಇಲ್ಲಿ ಹೋಸ್ಟ್ ಅನ್ನೋ ಕಲ್ಪನೆನೇ ಇಲ್ಲ, ಬರೀ ಲೇಬಲ್, ಅಂದ್ರೆ ಅಲರ್ಟಿಗೆ ಅಂಟಿಸಿರೋ ಗುರುತಿನ ಚೀಟಿಗಳು. ಸೈಲೆನ್ಸ್ ಹಾಕೋದು ಅಂದ್ರೆ ಈ ಈ ಲೇಬಲ್ ಇರೋ ಅಲರ್ಟು ಇಷ್ಟು ಹೊತ್ತು ಹೊರಗೆ ಹೋಗೋದು ಬೇಡ ಅಂತ ಹೇಳೋದು, ಹಿಂದ್ಗಡೆ ಪ್ರೊಮೀಥಿಯಸ್ (ಇದಕ್ಕೆ ಅಲರ್ಟ್ ಕಳಿಸೋ ಮಾನಿಟರಿಂಗ್ ಟೂಲ್) ತನ್ನ ಪಾಡಿಗೆ ಡೇಟಾ ತಗೋತಾ ರೂಲ್ ಓಡಿಸ್ತಾ ಇರತ್ತೆ. ಸೈಲೆನ್ಸ್ ಮುಗಿದಾಗ ಅಲರ್ಟ್ ಇನ್ನೂ ಉರೀತಿದ್ರೆ ನೋಟಿಫಿಕೇಶನ್ ಬರತ್ತೆ. ನನ್ನ ಪ್ರಶ್ನೆಗೆ ಫುಲ್ ಮಾರ್ಕ್ಸ್.

ತೊಂದ್ರೆ ಇರೋದು ಮ್ಯಾಚರ್‌ನಲ್ಲಿ, ಅಂದ್ರೆ ಯಾವ ಲೇಬಲ್ ಅಂತ ಬರೆಯೋ ಕಡೆ. ಯಾವ ಸರ್ವರ್ ಅಂತ ಹೇಳೋ ಇನ್‌ಸ್ಟನ್ಸ್ ಲೇಬಲ್ಲಲ್ಲಿ ಸಾಮಾನ್ಯವಾಗಿ ಪೋರ್ಟ್ ನಂಬರೂ ಅಂಟ್ಕೊಂಡಿರತ್ತೆ, ಡಿಬಿ1:9100 ಅನ್ನೋ ಥರ. ಪೋರ್ಟ್ ಯಾಕೆ ಬರೀಬೇಕು ಅಂತ ಜನ ಡಿಬಿ1 ಆದ್ಮೇಲೆ ಚುಕ್ಕಿ ನಕ್ಷತ್ರ (.*, ಮುಂದೆ ಏನಿದ್ರೂ ಸರಿ ಅಂತ) ಹಾಕಿ ರೆಜೆಕ್ಸ್, ಅಂದ್ರೆ ಹುಡುಕೋ ಮಾದರಿ, ಮಾಡ್ತಾರೆ, ಆಗ ಡಿಬಿ10, ಡಿಬಿ11, ಡಿಬಿ12 ಎಲ್ಲದರ ಬಾಯೂ ಬಂದ್. ಡಿಬಿ1 ಆದ್ಮೇಲೆ ಕೋಲನ್ ಹಾಕಿ ಆಮೇಲೆ ಚುಕ್ಕಿ ನಕ್ಷತ್ರ ಹಾಕಿದ್ರೆ ಸಾಕು. ಪ್ರಿವ್ಯೂ ಬಟನ್ ಇದ್ಯಲ್ಲ ಅಂತೀರಾ, ಅದು ಈಗ ಉರೀತಿರೋ ಅಲರ್ಟ್ ಮಾತ್ರ ತೋರ್ಸತ್ತೆ, ಸಂಜೆನೇ ಸೈಲೆನ್ಸ್ ಹಾಕಿಟ್ರೆ ಎಲ್ಲ ಸರಿ ಇರೋದ್ರಿಂದ ಪ್ರಿವ್ಯೂ ಖಾಲಿ. ಇನ್ನು ಕೆಲವರು ಸಿಟ್ಟಲ್ಲಿ ಇರೋಬರೋ ಅಲರ್ಟಿಗೆಲ್ಲ ಒಂದೇ ಸೈಲೆನ್ಸ್ ಎಳೀತಾರೆ. ಆಗ ಯಾವಾಗ್ಲೂ ಉರೀತಾನೇ ಇರ್ಬೇಕಾದ ವಾಚ್‌ಡಾಗ್ ಅಲರ್ಟೂ ನಿಂತ್ಹೋಗತ್ತೆ, ಅದನ್ನ ಕಾಯ್ತಾ ಕೂತಿರೋ ಹೊರಗಿನ ಸರ್ವಿಸ್ ಇವರ ಮಾನಿಟರಿಂಗೇ ಸತ್ತೋಯ್ತು ಅಂತ ತಿಳ್ಕೊಂಡು ಆನ್-ಕಾಲ್‌ನಲ್ಲಿ (ತೊಂದ್ರೆ ಬಂದ್ರೆ ಎದ್ದು ನೋಡೋ ಪಾಳಿ) ಇರೋರಿಗೆ ಫೋನ್ ಹೊಡಿಯತ್ತೆ. ನಿದ್ದೆ ಮಾಡೋಕೆ ಅಂತ ಹಾಕಿದ್ದು ನಿದ್ದೆನೇ ಕೆಡಿಸ್ತು.

ಆಮೇಲೆ ಟೈಮ್. ಸೈಲೆನ್ಸ್ ಫಾರ್ಮಲ್ಲಿರೋದು ಯುಟಿಸಿ (ಜಗತ್ತಿಗೆಲ್ಲ ಒಂದೇ ಟೈಮ್), ನಮ್ ಟೈಮಿಂದ ಐದೂವರೆ ಗಂಟೆ ಕಳೀಬೇಕು, ಭಾನುವಾರ ಬೆಳಗಿನ ಜಾವ 1 ಗಂಟೆ ಅಂದ್ರೆ ಅಲ್ಲಿ ಶನಿವಾರ ರಾತ್ರಿ 7:30. ಪ್ರತಿ ವಾರ ರಿಪೀಟ್ ಆಗೋದಕ್ಕೆ ಸೈಲೆನ್ಸ್ ಆಗಲ್ಲ, ಮ್ಯೂಟ್ ಟೈಮ್ ಇಂಟರ್ವಲ್ ಅಂತ ಕಾನ್ಫಿಗ್ ಫೈಲಲ್ಲಿ ಬರೀಬೇಕು, ಅಲ್ಲಿ ಲೊಕೇಶನ್ ಏಷ್ಯಾ/ಕೋಲ್ಕತಾ ಅಂತ ಕೊಡ್ದಿದ್ರೆ ಟೈಮ್ ಐದೂವರೆ ಗಂಟೆ ತಪ್ಪಿ ಹೋಗತ್ತೆ. ರಾತ್ರಿ 11ರಿಂದ 2 ಅಂತಾನೂ ಒಟ್ಟಿಗೆ ಬರೆಯೋಕಾಗಲ್ಲ, ಮಧ್ಯರಾತ್ರಿಗೆ ಕತ್ತರಿಸಿ ಎರಡು ತುಂಡು ಮಾಡ್ಬೇಕು. ಅಲರ್ಟ್‌ಮ್ಯಾನೇಜರ್‌ನದೇ ಕಮಾಂಡ್ ಲೈನ್ ಟೂಲ್ ಆಮ್‌ಟೂಲ್‌ನಲ್ಲಿ ಈಗಿಂದ 2 ಗಂಟೆ ಅಂತ ಡ್ಯುರೇಶನ್ ಕೊಟ್ರೆ ಈ ಗೋಳಿಲ್ಲ, ನಾನು ಹೆಚ್ಚಾಗಿ ಅದನ್ನೇ ಬಳಸೋದು. ಏನೂ ಕೊಡ್ದಿದ್ರೆ ಒಂದು ಗಂಟೆ ಅಂತ ತಗೊಳತ್ತೆ.

ಪೇಜರ್‌ಡ್ಯೂಟಿ ಅಂದ್ರೆ ಬೇರೆ ಟೂಲ್‌ಗಳ ಅಲರ್ಟ್ ತಗೊಂಡು ಆನ್-ಕಾಲ್‌ನಲ್ಲಿ ಇರೋರಿಗೆ ಫೋನ್ ಮಾಡೋದು, ಅದರ ಮೇಂಟೆನೆನ್ಸ್ ವಿಂಡೋ ಎಲ್ಲಕ್ಕಿಂತ ಚೆಂದ ಕಾಣತ್ತೆ, ಸರ್ವಿಸ್ ಆರ್ಸಿ ಟೈಮ್ ಕೊಟ್ರೆ ಮುಗೀತು, ಮ್ಯಾನೇಜರ್ ಕೂಡ ಹಾಕ್ಬಹುದು. ಆದ್ರೆ ಆ ಹೊತ್ತಲ್ಲಿ ಬಂದಿದ್ದಕ್ಕೆ ಅದು ಇನ್ಸಿಡೆಂಟೇ (ಫೋನ್ ಹೋಗೋಕೆ ಬೇಕಾದ ದಾಖಲೆ) ತೆರೆಯಲ್ಲ, ಆಮೇಲೆ ಹೇಳ್ತೀನಿ ಅಂತ ಎತ್ತಿಡೋದೂ ಇಲ್ಲ. ವಿಂಡೋ ಮುಗಿದ್ಮೇಲೆ ಮಾನಿಟರಿಂಗ್ ಟೂಲ್ ಇನ್ನೊಂದ್ಸಲ ಕಳಿಸಿದ್ರೆ ಮಾತ್ರ ಫೋನ್ ಬರತ್ತೆ. ಅಲರ್ಟ್‌ಮ್ಯಾನೇಜರ್‌ನಲ್ಲಿ ರಿಪೀಟ್ ಇಂಟರ್ವಲ್ (ಅದೇ ಅಲರ್ಟನ್ನ ಮತ್ತೆ ಕಳಿಸೋ ಅಂತರ) ಏನೂ ಮುಟ್ಟದೇ ಬಿಟ್ರೆ 4 ಗಂಟೆ. ಅಂದ್ರೆ 2:50ಕ್ಕೆ ಡೇಟಾಬೇಸ್ ಬಿತ್ತು, 3ಕ್ಕೆ ವಿಂಡೋ ಮುಗೀತು, ಆ ಅಲರ್ಟ್ ಇರೋ ಗ್ರೂಪಲ್ಲಿ ಬೇರೇನೂ ಬದಲಾಗ್ಲಿಲ್ಲ ಅಂದ್ರೆ ನಿಮ್ಗೆ ಗೊತ್ತಾಗೋದು ಹತ್ತಿರ ಹತ್ತಿರ 7 ಗಂಟೆಗೆ. ಅಷ್ಟೊತ್ತಿಗೆ ಕಸ್ಟಮರ್ರೇ ಫೋನ್ ಮಾಡಿರ್ತಾರೆ. ಇನ್ನೊಂದು, ವಿಂಡೋ ಶುರುವಾಗೋ ಮುಂಚೆನೇ ತೆರೆದಿರೋ ಇನ್ಸಿಡೆಂಟ್ ಅದರ ಪಾಡಿಗೆ ಎಸ್ಕಲೇಟ್ ಆಗ್ತಾನೇ (ಮುಂದಿನವರಿಗೆ ಹೋಗ್ತಾನೇ) ಇರತ್ತೆ, ಅದನ್ನ ಇದು ನಿಲ್ಸಲ್ಲ.

ಹಂಗಾಗಿ ಪೇಜರ್ ಲೆವೆಲ್ಲಲ್ಲಿ ಬಾಯಿ ಮುಚ್ಸೋದನ್ನ ನಾನು ಮಾಡಲ್ಲ, ಇಡೀ ಡೇಟಾ ಸೆಂಟರ್ ಪವರ್ ಕೆಲಸ ಅಂಥದ್ದಿದ್ರೆ ಬೇರೆ ಮಾತು. ಮಾಮೂಲಿ ಸರ್ವರ್, ಸ್ವಿಚ್ ಇರೋ ಕಡೆ ಜ್ಯಾಬಿಕ್ಸ್, ಡೇಟಾ ಕಲೆಕ್ಷನ್ ಆನ್. ಕುಬರ್ನೆಟೀಸ್ (ಕಂಟೇನರ್ ಓಡಿಸೋ ವ್ಯವಸ್ಥೆ) ಕಡೆ ಅಲರ್ಟ್‌ಮ್ಯಾನೇಜರ್ ಸೈಲೆನ್ಸ್. ಕೈಯಲ್ಲಿ ಹಾಕೋದು ಕಮ್ಮಿ, ಆನ್ಸಿಬಲ್ ಪ್ಲೇಬುಕ್ಕಿನ (ಸರ್ವರ್ ಕೆಲಸಗಳನ್ನ ಸಾಲಾಗಿ ತಾನೇ ಮಾಡೋ ಸ್ಕ್ರಿಪ್ಟ್) ಮೊದಲ ಟಾಸ್ಕಲ್ಲೇ ಹಾಕ್ಸಿ ಕೊನೇ ಟಾಸ್ಕಲ್ಲಿ ತೆಗೆಸ್ತೀನಿ, ಜ್ಯಾಬಿಕ್ಸಿಗೆ ಅದಕ್ಕಂತಲೇ ಮಾಡ್ಯೂಲ್ ಇದೆ. ಟೈಮನ್ನ ಧಾರಾಳವಾಗಿ 3 ಗಂಟೆ ಅಂತ ಕೊಟ್ಟಿರ್ತೀನಿ, ಕೆಲಸ 40 ನಿಮಿಷಕ್ಕೆ ಮುಗಿದ್ರೆ ಪ್ಲೇಬುಕ್ಕೇ ಬೇಗ ಎತ್ತಿಬಿಡತ್ತೆ, ಪ್ಲೇಬುಕ್ ಮಧ್ಯದಲ್ಲಿ ಸತ್ರೆ ಸೈಲೆನ್ಸ್ ಹಂಗೇ ಇರತ್ತೆ, ಆದ್ರೆ ಮೂರು ಗಂಟೆ ಆದ್ಮೇಲೆ ತಾನಾಗೇ ಬಿದ್ದು ಹೋಗತ್ತೆ. ಕಾಮೆಂಟ್ ಜಾಗದಲ್ಲಿ ಟಿಕೆಟ್ ನಂಬರ್ ಹಾಕಿ, ಸುಮ್ನೆ ಟೆಸ್ಟ್ ಅಂತ ಬರೆದಿರೋ ಸೈಲೆನ್ಸ್ ಕಂಡ್ರೆ ಯಾರದ್ದು ಅಂತ ಕೇಳೋಕೂ ಹೋಗಲ್ಲ, ಎಕ್ಸ್‌ಪೈರ್ ಮಾಡ್ಬಿಡ್ತೀನಿ.