ಎಂಜಿಬಿಯ ಹಿಂಬದಿ ಕೂತಿದೆ ಅಂದ್ರೆ ಶಾಕಪ್ ಹಾಕಿಸೋಕೆ ಒಪ್ಪಬೇಡಿ

ಇಂಗ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಹಳೇ ಎಂಜಿಬಿ (ಎಂಜಿ ಕಂಪನಿಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇಟ್ಟುಕೊಂಡವರು, ಕೊಳ್ಳಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ಸಿಟ್ಟಿನಲ್ಲೇ ಬರೀತಿದ್ದೇನೆ, ಹೇಳಿದ್ದನ್ನೇ ಮತ್ತೆ ಹೇಳಿದ್ದರೆ ಕ್ಷಮಿಸಿ.

ಕಾರು 1972ರ ರೋಡ್‌ಸ್ಟರ್, ಅಂದ್ರೆ ಟಾಪು ತೆಗೆಯಬಹುದಾದ್ದು, ಕ್ರೋಮ್ ಬಂಪರಿನದು. ಹಿಂದೆ ಬಲಗಡೆ ತಗ್ಗಿ ಕೂತಿತ್ತು. ಇಬ್ಬರು ಕೂತು ಹಂಪ್ ದಾಟಿದರೆ ಆಕ್ಸಲ್ ಹೋಗಿ ಬಂಪ್ ರಬ್ಬರಿಗೆ (ಪೆಟ್ಟು ತಡೆಯುವ ರಬ್ಬರ್ ತುಂಡಿಗೆ) ಧಡ್ ಅಂತ ಬಡಿಯುತ್ತಿತ್ತು. ಸಮತಟ್ಟು ನೆಲ, ನಾಲ್ಕೂ ಟೈರಿಗೆ ಸರಿಯಾದ ಗಾಳಿ, ಖಾಲಿ ಡಿಕ್ಕಿ. ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿಗೆ ಟೇಪು ಹಿಡಿದರೆ ಎಡಕ್ಕೆ 352 ಮಿ.ಮೀ., ಬಲಕ್ಕೆ 327. ಈ ಅಳತೆ ಬರೆದ ಚೀಟಿಯನ್ನು ಗ್ಯಾರೇಜಿನವನ ಕೈಗೇ ಕೊಟ್ಟೆ. ಹಳೇ ಬ್ರಿಟಿಷ್ ಕಾರುಗಳ ಕೆಲಸವನ್ನೇ ಮಾಡುವವನು ಅಂತ ನಂಬಿ ಹೋಗಿದ್ದೆ. ಚೀಟಿ ನೋಡಲೇ ಇಲ್ಲ. ಕಾರಿನ ಹಿಂಬದಿಯನ್ನು ಎರಡು ಸಲ ಒತ್ತಿ, "ಶಾಕಪ್ ಹೋಗಿವೆ, ಎರಡೂ ಬದಲಿಸಬೇಕು" ಅಂದ. ಒಪ್ಪಿಬಿಟ್ಟೆ.

ಗೊತ್ತಿದ್ದೂ ಒಪ್ಪಿದ್ದಕ್ಕೇ ಇಷ್ಟು ನಾಚಿಕೆ. ಎಂಜಿಬಿಗೆ ಹಿಂದೆ ಇರೋದು ಲಿವರ್ ಶಾಕಪ್. ಒಳಗೆ ಎಣ್ಣೆ, ಪಿಸ್ಟನ್, ವಾಲ್ವ್. ಕಾರಿನ ಕುಣಿತ ತಡೆಯೋದು ಅದರ ಕೆಲಸ, ಭಾರ ಹೊರೋದಲ್ಲ. ಭಾರವೆಲ್ಲ ಲೀಫ್ ಸ್ಪ್ರಿಂಗಿನ ಮೇಲೆ, ಅಂದ್ರೆ ಒಂದರ ಮೇಲೊಂದು ಕೂತ ಬಾಗಿದ ಉಕ್ಕಿನ ಪ್ಲೇಟುಗಳ ಮೇಲೆ. ಪ್ಲೇಟುಗಳ ಬಾಗು ಸತ್ತರೆ, ಇಲ್ಲವೇ ಒಂದು ಪ್ಲೇಟು ಮುರಿದರೆ ಕಾರು ಕೂರುತ್ತೆ. ಹೊಸ ಶಾಕಪ್ ಎಷ್ಟು ಹಾಕಿದರೂ ಏಳಲ್ಲ.

320 ಪೌಂಡ್ ಕೊಟ್ಟು ಮನೆಗೆ ತಂದು ಅಳೆದೆ. ಅದೇ 327. ಫೋನ್ ಮಾಡಿದರೆ, "ಒಂದು ವಾರ ಓಡಿಸಿ, ಸರಿಹೋಗುತ್ತೆ." ಓಡಿಸಿದರೆ ಕಾರು ಇನ್ನೂ ಕೂರಬಹುದು, ಏಳೋದು ಹೇಗೆ? ಆಗ ಹಿಂಚಕ್ರ ಎರಡನ್ನೂ ರ‍್ಯಾಂಪಿಗೆ ಹತ್ತಿಸಿ, ಮುಂಚಕ್ರಕ್ಕೆ ಅಡ್ಡ ಇಟ್ಟು, ಬಲಗಡೆ ಶಾಕಪ್ಪಿನ ಕೊಂಡಿಯನ್ನು ಸ್ಪ್ರಿಂಗಿನ ಕೆಳಗಿನ ತಗಡಿನಿಂದ ಬಿಚ್ಚಿದೆ. ಕೊಂಡಿ ತೂಗಾಡ್ತಿತ್ತು. ಬಿಚ್ಚುವ ಮುಂಚೆ ಎಷ್ಟಿತ್ತೋ ಬಿಚ್ಚಿದ ಮೇಲೂ ಅಷ್ಟೇ. ಒಂದು ಮಿಲಿಮೀಟರ್ ಇಳಿಯಲಿಲ್ಲ. ದುಡ್ಡು ಕೊಟ್ಟು ಹಾಕಿಸಿದ ಸಾಮಾನು ಆ ಕಾರನ್ನು ಎತ್ತಿ ಹಿಡಿದೇ ಇರಲಿಲ್ಲ. ಟೇಪು ಕೈಯಲ್ಲಿ ಹಿಡಿದು ಕಾರಿನ ಕೆಳಗೇ ಮಲಗಿದ್ದೆ, ಎದ್ದು ಬರೋಕೂ ಮನಸ್ಸಾಗಲಿಲ್ಲ. ಐದು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು.

ವಾಪಸ್ ಹೋದೆ. "ಹಾಗಾದ್ರೆ ಸ್ಪ್ರಿಂಗ್ ಇರಬೇಕು." ಹೊಸ ಸ್ಪ್ರಿಂಗ್ ಹಾಕಿಸಿದೆ, ಅದಕ್ಕೆ ಬೇರೆ ಬಿಲ್ಲು. ಈಗ ಹಿಂಬದಿ ಎರಡೂ ಕಡೆ 392! "ಹೊಸದಲ್ವಾ, ಕೂರುತ್ತೆ" ಅಂದ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರೋದು ನಿಜ. ಆದರೆ 40 ಮಿ.ಮೀ.? ಡಿಕ್ಕಿಯಲ್ಲಿ ಅವನೇ ಬಿಟ್ಟಿದ್ದ ಡಬ್ಬದ ಚೀಟಿ ಓದಿದೆ: ಎಂಜಿಬಿ ಜಿಟಿ ಸ್ಪ್ರಿಂಗ್. ಜಿಟಿಗೆ ಉಕ್ಕಿನ ಟಾಪು, ಗಾಜಿನ ಹಿಂಬಾಗಿಲು, ಆ ಭಾರಕ್ಕೆ ಗಡುಸು ಸ್ಪ್ರಿಂಗ್. ರೋಡ್‌ಸ್ಟರಿಗೆ ಅದಲ್ಲ. 1974ರ ಕೊನೆಗೆ ಬಂದ ರಬ್ಬರ್ ಬಂಪರ್ ಕಾರುಗಳು ಮೊದಲೇ ಎತ್ತರ, ಅವಕ್ಕೆ ಮತ್ತೆ ಬೇರೆ. ಇದನ್ನು ಕೇಳಿದ್ದಕ್ಕೆ ಉತ್ತರ: "ಎಲ್ಲಾ ಎಂಜಿಬಿನೂ ಒಂದೇ."

ಅಷ್ಟಕ್ಕೇ ಮುಗಿಯಲಿಲ್ಲ. ಸ್ಪ್ರಿಂಗಿನ ಮುಂದಿನ ಕಣ್ಣಿನ (ತುದಿಯ ಬಳೆಯ) ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿದಿದ್ದ. ಆ ಕಣ್ಣಿನೊಳಗಿನ ಬುಷ್ಷಿನ ರಬ್ಬರ್ ಲೋಹಕ್ಕೆ ಅಂಟಿಕೊಂಡಿರುತ್ತೆ. ನೇತಾಡುವಾಗ ಬಿಗಿದರೆ, ಕಾರು ನೆಲಕ್ಕೆ ಬಂದಾಗ ಅದು ತಿರುಚಿಕೊಂಡು ಕಾರನ್ನು ಎತ್ತಿ ಹಿಡಿಯುತ್ತೆ, ಆಮೇಲೆ ಹರಿಯುತ್ತೆ. ಸಡಿಲ ಮಾಡಿದ್ದಕ್ಕೇ ಕಿರ‍್ರ್ ಅಂತ 11 ಮಿ.ಮೀ. ಇಳಿಯಿತು. ಬಿಲ್ಲಿನಲ್ಲಿ ಸ್ಪ್ರಿಂಗನ್ನು ಆಕ್ಸಲಿಗೆ ಕಟ್ಟುವ ಯು ಬೋಲ್ಟ್ ಸೆಟ್ ಅಂತಿದೆ, ಕಾರಿನಲ್ಲಿದ್ದದ್ದು ತುಕ್ಕು ಹಿಡಿದ ಹಳೇ ನಾಲ್ಕೇ. ರಬ್ಬರ್ ಪ್ಯಾಡು ಕೂಡ ಹಳೇವೇ, ಹಪ್ಪಳದ ಹಾಗೆ ಆಗಿದ್ದವು.

ಮಾಡಿಸುವವರು ಕಾರಿನ ವರ್ಷ, ಬಂಪರ್, ರೋಡ್‌ಸ್ಟರೋ ಜಿಟಿಯೋ ಎಲ್ಲ ಹೇಳಿ ಸ್ಪ್ರಿಂಗ್ ಜೋಡಿಯಾಗೇ ತರಿಸಿ. ಜೊತೆಗೆ ನಾಲ್ಕು ಯು ಬೋಲ್ಟ್, ಎಂಟು ನಟ್ಟು, ಆಕ್ಸಲಿನ ಮೇಲೆ ಕೆಳಗೆ ಕೂರುವ ನಾಲ್ಕು ಪ್ಯಾಡು, ಸ್ಪ್ರಿಂಗಿನ ಹಿಂದಿನ ತುದಿಯನ್ನು ಕಾರಿಗೆ ಸೇರಿಸುವ ಶ್ಯಾಕಲ್ಲಿನ ಎಂಟು ಅರ್ಧ ಬುಷ್. ಬುಷ್ಷಿಗೆ ಗ್ರೀಸ್ ಬೇಡ, ಸೋಪಿನ ನೀರು ಸಾಕು. ಪ್ಲೇಟುಗಳ ನಡುವಿನ ಬೋಲ್ಟಿನ ತಲೆ ಅದರ ತೂತಿನಲ್ಲೇ ಕೂತಿರಬೇಕು, ಇಲ್ಲದಿದ್ದರೆ ಆಕ್ಸಲ್ ಓರೆಯಾಗುತ್ತೆ. ಕಣ್ಣಿನ ಬೋಲ್ಟು, ಶ್ಯಾಕಲ್ ನಟ್ಟುಗಳ ಕೊನೇ ಬಿಗಿತ ಚಕ್ರ ನೆಲಕ್ಕೆ ಬಂದು ಕಾರನ್ನು ನಾಲ್ಕು ಸಲ ಕುಣಿಸಿದ ಮೇಲೆ. 300 ಕಿ.ಮೀ. ಓಡಿಸಿ ಯು ಬೋಲ್ಟ್ ಇನ್ನೊಮ್ಮೆ ನೋಡಿ. ಆಮೇಲೂ ಕಾರಿನ ಓರೆ ಉಳಿದರೆ ಎಡದ ಸ್ಪ್ರಿಂಗನ್ನು ಬಲಕ್ಕೆ ಅದಲು ಬದಲು ಮಾಡಿ. ಓರೆಯೂ ಜಾಗ ಬದಲಿಸಿದರೆ ತಪ್ಪು ಸ್ಪ್ರಿಂಗಿನದು. ಬದಲಿಸದಿದ್ದರೆ ಸ್ಪ್ರಿಂಗ್ ಕೂರುವ ಜಾಗದ ತುಕ್ಕು ನೋಡಿ, ಮುಂದಿನ ಸ್ಪ್ರಿಂಗೂ ನೋಡಿ.

ಬಿಚ್ಚಿದ ಹಳೇ ಸಾಮಾನನ್ನು ಡಿಕ್ಕಿಗೆ ಹಾಕಿಸಿಕೊಂಡ ಮೇಲೇ ದುಡ್ಡು ಕೊಡಿ. ನಾನು ಕೇಳುವಷ್ಟರಲ್ಲಿ ಹಳೇ ಸ್ಪ್ರಿಂಗ್ ಎರಡೂ ಗುಜರಿಗೆ ಹೋಗಿದ್ದವು. ಬಲಗಡೆಯದರಲ್ಲಿ ಪ್ಲೇಟು ಮುರಿದಿತ್ತೋ, ಬಾಗು ಸತ್ತಿತ್ತೋ ಅಂತ ಕೇಳಿದ್ದಕ್ಕೆ, "ನಾವು ನೋಡಲಿಲ್ಲ" ಅಂದ.