ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್: ಬೆಳಗಾವಿಯ ನಾಲ್ಕು ಕಂಪ್ಯೂಟರುಗಳಲ್ಲಿ ಮೂರು ವರ್ಷ

ವಿಂಡೋಸ್ ಬದಲು, ಇಲ್ಲವೇ ಅದರ ಜೊತೆಗೆ, ಹಾಕಿಕೊಳ್ಳಬಹುದಾದ ಉಚಿತ ಸಿಸ್ಟಮ್ ಲಿನಕ್ಸ್; ಅದರ ನಾಲ್ಕು ಡಿಸ್ಟ್ರೋಗಳ (ಬೇರೆ ಬೇರೆ ತಂಡಗಳು ಕಟ್ಟಿಕೊಡುವ ರೂಪಗಳ) ಅಂಕ ಮೊದಲೇ ಹೇಳಿಬಿಡೋಣ, ಅವಸರ ಇದ್ದವರಿಗೆ ಅಷ್ಟೇ ಸಾಕು. ಐದಕ್ಕೆ ಲಿನಕ್ಸ್ ಮಿಂಟ್ ಸಿನಮನ್‌ಗೆ (ಸಿನಮನ್ ಅಂದರೆ ಅದರ ಡೆಸ್ಕ್‌ಟಾಪ್, ಪರದೆ-ಮೆನುಗಳ ರೂಪ) ನಾಲ್ಕೂವರೆ, ಫೆಡೋರಾ ವರ್ಕ್‌ಸ್ಟೇಷನ್‌ಗೆ ನಾಲ್ಕು, ಉಬುಂಟುಗೆ ಮೂರೂವರೆ. ಡೆಬಿಯನ್‌ಗೂ ನಾಲ್ಕು, ಆದರೆ ಹೊಸಬರಿಗಲ್ಲ. ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ: ಇನ್‌ಸ್ಟಾಲ್ ಕೈಕೊಟ್ಟ ಕಡೆಯೆಲ್ಲ ತಪ್ಪು ಡಿಸ್ಟ್ರೋದ್ದಾಗಿದ್ದು ಕಡಿಮೆ. ಪೆನ್‌ಡ್ರೈವ್ ಚುಚ್ಚುವ ಮೊದಲು ವಿಂಡೋಸ್‌ನೊಳಗೆ ಮತ್ತು ಬಯಾಸ್‌ನೊಳಗೆ (ಕಂಪ್ಯೂಟರ್ ಏಳುವ ಮುಂಚಿನ ಸೆಟ್ಟಿಂಗ್ ಪುಟ) ಆಗಬೇಕಿದ್ದ ಅರ್ಧ ಗಂಟೆಯ ಕೆಲಸ ಆಗದೇ ಇದ್ದದ್ದೇ ಹೆಚ್ಚು.

ಬಳಸಿದ ಕಂಪ್ಯೂಟರುಗಳು ಇವು. ಟಿಳಕವಾಡಿಯ ಮನೆಯೊಂದರ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480; ವಿಟಿಯು ವಿದ್ಯಾರ್ಥಿಯೊಬ್ಬರ 11ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ ಏಸರ್ ಲ್ಯಾಪ್‌ಟಾಪ್; ಖಡೇಬಜಾರದ ಝೆರಾಕ್ಸ್ ಅಂಗಡಿಯ 4 ಜಿಬಿ ರ‍್ಯಾಮ್, ಹಳೆ ಹಾರ್ಡ್ ಡಿಸ್ಕ್ ಇರುವ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್; ಉದ್ಯಮಬಾಗದ ಮಷಿನ್ ಶಾಪ್ ಒಂದರಲ್ಲಿ ಸಿಎನ್‌ಸಿ (ಪ್ರೋಗ್ರಾಂ ಪ್ರಕಾರ ಲೋಹ ಕತ್ತರಿಸುವ ಯಂತ್ರ) ಪಕ್ಕ ಕೂತ ಕಂಪ್ಯೂಟರ್. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಇಂಥ ಯಂತ್ರ ಇಟ್ಟುಕೊಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ, ಯಾವುದು ಹಾಕೋಣ ಅಂತ. ಹೇಗೆ ಹಾಕೋಣ ಅಂತ ಕೇಳುವವರು ಕಡಿಮೆ.

ಡೌನ್‌ಲೋಡಿನಿಂದಲೇ ಶುರು ಮಾಡಬೇಕು. ಮಿಂಟ್ 22ರ ಐಎಸ್ಒ ಫೈಲು (ಇನ್‌ಸ್ಟಾಲ್‌ಗಾಗಿ ಪೆನ್‌ಡ್ರೈವಿಗೆ ಹಾಕುವ ಫೈಲು) ಸುಮಾರು 2.8 ಜಿಬಿ, ಉಬುಂಟು 24.04ರದ್ದು 6 ಜಿಬಿ ಹತ್ತಿರ. ಮೊಬೈಲ್‌ನ ದಿನಕ್ಕೆ ಒಂದೂವರೆ ಜಿಬಿ ಪ್ಲ್ಯಾನಿನಲ್ಲಿ ಇಳಿಸಲು ಹೋದರೆ ನಡುವೆ ವೇಗ ಬಿದ್ದು ಬ್ರೌಸರ್ ಡೌನ್‌ಲೋಡ್ ತುಂಡಾಗುತ್ತದೆ. ಟೊರೆಂಟ್‌ನಲ್ಲಿ ಇಳಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ, ಪ್ರತಿ ತುಂಡನ್ನೂ ಅದೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಬ್ರೌಸರ್‌ನಲ್ಲೇ ಇಳಿಸಿದ್ದರೆ 7-ಝಿಪ್ ಹಾಕಿಕೊಂಡು, ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಮೊತ್ತ (ಫೈಲಿನ ಗುರುತಿನ ಸಂಖ್ಯೆ) ತೆಗೆದು, ಡಿಸ್ಟ್ರೋದ ಪುಟದಲ್ಲಿ ಕೊಟ್ಟದ್ದರ ಜೊತೆ ತಾಳೆ ನೋಡಿ. ಇನ್‌ಸ್ಟಾಲ್ ಅರ್ಧಕ್ಕೆ ನಿಂತು "ಇನ್‌ಪುಟ್-ಔಟ್‌ಪುಟ್ ಎರರ್" ಅಂದರೆ ಒಂದೋ ಈ ಫೈಲು ಕೆಟ್ಟಿದೆ, ಇಲ್ಲವೇ ಪೆನ್‌ಡ್ರೈವ್ ಅಗ್ಗದ್ದು. ನಾಲ್ಕೈದು ಡಿಸ್ಟ್ರೋ ಒರೆಗೆ ಹಚ್ಚುವ ಆಸೆ ಇದ್ದರೆ 32 ಜಿಬಿ ಪೆನ್‌ಡ್ರೈವಿಗೆ ವೆಂಟಾಯ್ ಎಂಬ ಸಾಫ್ಟ್‌ವೇರ್ ಹಾಕಿ. ಆಮೇಲೆ ಐಎಸ್ಒ ಫೈಲುಗಳನ್ನು ಸುಮ್ಮನೆ ಕಾಪಿ ಮಾಡಿದರೆ ಆಯ್ತು. ಯಾವುದಾದರೂ ಒಂದು ಅದರಿಂದ ಏಳದಿದ್ದರೆ ಅದನ್ನಷ್ಟೇ ರೂಫಸ್ ಎಂಬ ಸಾಫ್ಟ್‌ವೇರಿನ ಡಿಡಿ ಮೋಡಿನಲ್ಲಿ (ಫೈಲನ್ನು ಇದ್ದ ಹಾಗೇ ಬರೆಯುವುದು) ಬರೆದು ನೋಡಿ.

ಈಗ ವಿಂಡೋಸ್ ಕಡೆಯ ಕೆಲಸ. ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದ ವಿಂಡೋಸ್ 11 ಹೋಮ್‌ನಲ್ಲೂ "ಡಿವೈಸ್ ಎನ್‌ಕ್ರಿಪ್ಷನ್" ಹಲವು ಯಂತ್ರಗಳಲ್ಲಿ ತಾನಾಗಿಯೇ ಚಾಲೂ ಆಗಿರುತ್ತದೆ, ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ಬಯಾಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದ ಮರುಕ್ಷಣ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಅಕೌಂಟ್ ಪುಟದಿಂದ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಆಮೇಲೆ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ.

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕು ಎಂಬ ಪುಟಕ್ಕೆ ಹೋಗಿ ಟಿಕ್ ತೆಗೆಯಿರಿ. ಅದು ಇದ್ದರೆ ಶಟ್‌ಡೌನ್ ಅಂದಾಗ ವಿಂಡೋಸ್ ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಆ ಡ್ರೈವ್ ತೆರೆದರೆ ಓದಬಹುದು, ಬರೆಯಲು ಬರುವುದಿಲ್ಲ. ಬಲವಂತ ಮಾಡಿ ಬರೆದರೆ ಫೈಲು ಹೋಗುತ್ತವೆ.

ಮೂರನೆಯದು ಏಸರ್‌ನಂಥ ಲ್ಯಾಪ್‌ಟಾಪ್‌ಗಳಲ್ಲಿ ಗಂಟೆಗಟ್ಟಲೆ ತಿನ್ನುವ ವಿಷಯ: ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣುವುದಿಲ್ಲ, ಇಲ್ಲವೇ "ಆರ್‌ಎಸ್‌ಟಿ ಆಫ್ ಮಾಡಿ" ಎಂದು ಹೇಳಿ ಮುಂದೆ ಬಿಡುವುದಿಲ್ಲ. ಕಾರಣ, ಡಿಸ್ಕು ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ, ಡಿಸ್ಕ್ ನಿಭಾಯಿಸುವ ಮೋಡಿನ ಹಿಂದೆ ಕೂತಿರುತ್ತದೆ. ಏಸರ್ ಬಯಾಸ್‌ನಲ್ಲಿ ಆ ಸಾಲೇ ಅಡಗಿಸಿಟ್ಟಿರುತ್ತಾರೆ; ಮೇನ್ ಟ್ಯಾಬ್‌ನಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಪ್ರತ್ಯಕ್ಷ. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಯಾಕಂದರೆ ಬೂಟ್ ಹೊತ್ತಿಗೆ ಬೇಕಾದ ಬೇರೆ ಡ್ರೈವರ್ ಅದು ಎಬ್ಬಿಸಿರುವುದಿಲ್ಲ. ಕ್ರಮ ಹೀಗೆ: ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ "ಸೇಫ್ ಬೂಟ್, ಮಿನಿಮಲ್" ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೊಕ್ಕು ವಿಎಂಡಿ ಆಫ್ ಮಾಡಿ (ಹಳೆಯ ಮಾದರಿಯಲ್ಲಿ ಎಎಚ್‌ಸಿಐ ಎಂಬ ಸಾಮಾನ್ಯ ಮೋಡ್ ಆರಿಸಿ), ವಿಂಡೋಸ್ ಒಮ್ಮೆ ಸೇಫ್ ಮೋಡಿನಲ್ಲಿ ಏಳಲಿ, ಆಮೇಲೆ ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್. ಸೇಫ್ ಮೋಡಿನಲ್ಲಿ ನಾಲ್ಕಂಕಿ ಪಿನ್ ನಡೆಯದೇ ಹೋಗಬಹುದು. ಅಕೌಂಟ್‌ನ ಅಸಲಿ ಪಾಸ್‌ವರ್ಡ್ ನೆನಪಿಲ್ಲದಿದ್ದರೆ ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ.

ಲಿನಕ್ಸ್‌ಗೆ ಜಾಗ ಮಾಡಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟೇ ವಾಸಿ. 60 ಜಿಬಿ ಬಿಟ್ಟರೆ ಆರಾಮ, 40 ಕನಿಷ್ಠ.

ಇನ್‌ಸ್ಟಾಲರ್‌ಗಳ ಬಗ್ಗೆ. ಮಿಂಟ್ 22ರಲ್ಲಿ ಇನ್ನೂ ಹಳೆಯ ಯುಬಿಕ್ವಿಟಿಯೇ ಇದೆ. ಸರಳ, ಛಲೋ ಇದೆ, ಆದರೆ ವರ್ಷಗಳಿಂದ ಅಂಟಿಕೊಂಡ ಒಂದು ಕುತ್ತು ಅದಕ್ಕಿದೆ: ಎರಡು ಡಿಸ್ಕ್ ಇದ್ದಾಗ ಬೂಟ್‌ಲೋಡರ್ (ಸಿಸ್ಟಮ್ಮನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ) ಎರಡನೆಯದಕ್ಕೆ ಹಾಕು ಎಂದು ಆರಿಸಿಕೊಟ್ಟರೂ ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಷನ್ನಿಗೇ (ಅಂಥ ಪ್ರೋಗ್ರಾಂಗಳನ್ನು ಇಡುವ ಸಣ್ಣ ಭಾಗ) ಹಾಕಿಬಿಡುತ್ತದೆ. ಮುಂದೊಂದು ದಿನ ಆ ಮೊದಲ ಡಿಸ್ಕ್ ತೆಗೆದರೆ ಲಿನಕ್ಸೂ ಏಳುವುದಿಲ್ಲ. ಡೆಸ್ಕ್‌ಟಾಪ್ ಆದರೆ ಇನ್‌ಸ್ಟಾಲ್ ಮುಗಿಯುವ ತನಕ ವಿಂಡೋಸ್ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡುವುದೇ ನಂಬಿಕೆಯ ಉಪಾಯ. ಇನ್ನೊಂದು, ಪಾಪ್ ಓಎಸ್ ಎಂಬ ಡಿಸ್ಟ್ರೋ ತನ್ನ ಕರ್ನೆಲ್ಲನ್ನೇ (ಸಿಸ್ಟಮ್ಮಿನ ತಿರುಳು) ಇಎಫ್‌ಐ ಪಾರ್ಟಿಷನ್ನಿನಲ್ಲಿಡುತ್ತದೆ. ವಿಂಡೋಸ್ ಮಾಡಿಕೊಟ್ಟ 100 ಎಂಬಿ ಅದಕ್ಕೆ ಸಾಲದು, ಬೇರೆ ದೊಡ್ಡ ಪಾರ್ಟಿಷನ್ ಮಾಡಿಕೊಡಬೇಕು. ಮಿಂಟ್, ಉಬುಂಟುಗಳಿಗೆ ಆ 100 ಎಂಬಿ ಬೇಕಾದಷ್ಟಾಯಿತು.

ಡಿಸ್ಟ್ರೋ ಬದಲಿಸುತ್ತಲೇ ಇರುವವರು ಹೋಮ್ ಪಾರ್ಟಿಷನ್ (ನಿಮ್ಮ ಕಡತ, ಸೆಟ್ಟಿಂಗ್ ಇರುವ ಭಾಗ) ಬೇರೆ ಇಡಿ ಎಂಬ ಸಲಹೆ ಕೇಳಿರುತ್ತಾರೆ. ಅರ್ಧ ಸರಿ. ಫೋಟೋ, ಕಡತ ಉಳಿಯುತ್ತವೆ ನಿಜ, ಆದರೆ ಸಿನಮನ್‌ನ ಸೆಟ್ಟಿಂಗ್ ಫೈಲುಗಳ ಮೇಲೆ ಗ್ನೋಮ್, ಅದರ ಮೇಲೆ ಕೆಡಿಇ ಎಂಬ ಬೇರೆ ಡೆಸ್ಕ್‌ಟಾಪ್‌ಗಳು ಬಂದು ಕೂತರೆ ಥೀಮ್, ಐಕಾನ್, ಫಾಂಟ್ ಎಲ್ಲ ಕಲಸುಮೇಲೋಗರ. ಹೋಮ್ ಬದಲು ಒಂದು ಡೇಟಾ ಪಾರ್ಟಿಷನ್ ಮಾಡಿ ಕಡತಗಳನ್ನಷ್ಟೇ ಅಲ್ಲಿಡುವುದು ಮೇಲು.

ವೈಫೈ ವಿಚಾರದಲ್ಲಿ ಡಿಸ್ಟ್ರೋಗಿಂತ ಚಿಪ್ಪಿನ ಹೆಸರು ಮುಖ್ಯ. ಲ್ಯಾಪ್‌ಟಾಪ್ ಕೊಳ್ಳುವ ಮೊದಲೇ ಲೈವ್ ಪೆನ್‌ಡ್ರೈವಿನಿಂದ, ಅಂದರೆ ಇನ್‌ಸ್ಟಾಲ್ ಮಾಡದೆಯೇ, ಎಬ್ಬಿಸಿ ನೋಡಿ. ಇಂಟೆಲ್ ಕಾರ್ಡ್ ಇದ್ದರೆ ತಲೆಬಿಸಿಯೇ ಇಲ್ಲ. ರಿಯಲ್‌ಟೆಕ್ 8852ಬಿಇ ಥರದ ಹೊಸ ಚಿಪ್ಪಿಗೆ ಹೊಸ ಕರ್ನೆಲ್ ಬೇಕು, ಹಾಗಾಗಿ ಕರ್ನೆಲ್ 5.15 ಇದ್ದ ಮಿಂಟ್ 21ರಲ್ಲಿ ಕಾಣದ್ದು 6.8 ಇರುವ ಮಿಂಟ್ 22ರಲ್ಲಿ ತಾನಾಗಿಯೇ ಬರುತ್ತದೆ. ಮೀಡಿಯಾಟೆಕ್ ಎಂಟಿ7902 ಇದ್ದರೆ ಗುದ್ದಾಡಬೇಡಿ. ಅದಕ್ಕೆ ಲಿನಕ್ಸ್ ಡ್ರೈವರ್ ಬಹುಕಾಲ ಬರಲೇ ಇಲ್ಲ. ಕಾರ್ಡನ್ನೇ ಬದಲಿಸಿ ಇಂಟೆಲ್ ಎಎಕ್ಸ್210 ಹಾಕಿ. ಎಎಕ್ಸ್211 ಅಲ್ಲ, ಗಮನವಿರಲಿ; ನೋಡಲು ಒಂದೇ ಥರ ಇದ್ದರೂ ಅದು ಕೆಲವು ಇಂಟೆಲ್ ಪ್ರೊಸೆಸರ್ ಜೊತೆ ಮಾತ್ರ ಕೆಲಸ ಮಾಡುತ್ತದೆ. ಅಲ್ಲಿಯವರೆಗೆ ಫೋನಿನಿಂದ ಯುಎಸ್‌ಬಿ ಟೆದರಿಂಗ್ ಮಾಡಿದರೆ ಯಾವ ಡ್ರೈವರ್ ಇಲ್ಲದೆಯೂ ನೆಟ್ ಸಿಗುತ್ತದೆ.

ಕನ್ನಡ ಟೈಪಿಂಗ್‌ಗೆ ಇಲ್ಲಿನವರು ಕೇಳುವುದು ಎರಡು ಭಾಷೆ, ಕನ್ನಡವೂ ಮರಾಠಿಯೂ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಎಂಬ ಟೈಪಿಂಗ್ ಪ್ಯಾಕೇಜ್ ಹಾಕಿ, ಮಿಂಟ್‌ನಲ್ಲಾದರೆ "ಇನ್‌ಪುಟ್ ಮೆಥಡ್" ತೆರೆದು ಐಬಸ್ ಆರಿಸಿ, ಲಾಗ್ ಔಟ್ ಆಗಿ ಬನ್ನಿ. ಈ ಲಾಗ್ ಔಟ್ ಬಿಟ್ಟೇ ಅರ್ಧ ಜನ "ಕನ್ನಡ ಬರುತ್ತಿಲ್ಲ" ಅನ್ನುವುದು. ನುಡಿ ಕೀಲಿಮಣೆಗೆ ಒಗ್ಗಿದ ಬೆರಳಿಗೆ "ಕೆಜಿಪಿ" ಆರಿಸಿ. ಕೆ, ಎಫ್, ಕೆ ಒತ್ತಿದರೆ ಕ್ಕ, ಅದೇ ಹಳೆಯ ಅಭ್ಯಾಸ. ಮರಾಠಿಗೆ ಇನ್‌ಸ್ಕ್ರಿಪ್ಟ್ ಸೇರಿಸಿದರೆ ವಿಂಡೋಸ್ ಕೀ ಮತ್ತು ಸ್ಪೇಸ್‌ನಿಂದ ಇಂಗ್ಲಿಷ್ ಸೇರಿ ಮೂರೂ ಭಾಷೆ ಅದಲುಬದಲು. ಫೆಡೋರಾ, ಉಬುಂಟುಗಳಲ್ಲಿ ಇದೇ ಕೆಲಸ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ. ಹಳೆಯ ನುಡಿ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಲಿನಕ್ಸ್‌ದು ತಪ್ಪಲ್ಲ, ಅದು ಯೂನಿಕೋಡ್ ಅಲ್ಲದ ಬರಹ. ಅದೇ ನುಡಿ ಫಾಂಟ್ ಹಾಕಿದರೆ ಓದಲು, ಪ್ರಿಂಟ್ ತೆಗೆಯಲು ಬರುತ್ತದೆ. ವಾಟ್ಸಾಪ್‌ಗೆ ಕಾಪಿ ಮಾಡಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು.

ವಿಂಡೋಸ್ ಜೊತೆಗಿಟ್ಟುಕೊಂಡರೆ ಗಡಿಯಾರ ಕೆಡುತ್ತದೆ: ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದರೆ ಬೆಳಗಿನ 10 ಗಂಟೆ 4:30 ಆಗಿ ಕಾಣುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ (ವಿಶ್ವ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ timedatectl set-local-rtc 1 ಎಂಬ ಆಜ್ಞೆ ಒಮ್ಮೆ ಕೊಟ್ಟರೆ ಮುಗಿಯಿತು.

ಮಳೆಗಾಲದ ಬೆಳಗಾವಿಯಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತದೆ, ಯುಪಿಎಸ್ ಇಲ್ಲದ ಅಂಗಡಿಯ ಯಂತ್ರಕ್ಕೆ ಅದೇ ದೊಡ್ಡ ಪರೀಕ್ಷೆ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಮಿಂಟ್, ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜುಗಳು ಅರೆಬರೆ ಉಳಿಯುತ್ತವೆ. ಮಿಂಟ್ ಮತ್ತು ಉಬುಂಟುವಿನಲ್ಲಿ ಕಂಪ್ಯೂಟರ್ ಏಳುವಾಗಿನ ಗ್ರಬ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ರಿಕವರಿ ಮೋಡ್ ಆರಿಸಿ, "ಡಿಪಿಕೆಜಿ" ಸಾಲು ಒತ್ತಿದರೆ ಬಹುಪಾಲು ಸರಿಹೋಗುತ್ತದೆ. ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ಮರಳಿಸುವ ಮಿಂಟ್‌ನ ಟೈಮ್‌ಶಿಫ್ಟ್ ಮೊದಲ ದಿನವೇ ಚಾಲೂ ಮಾಡಿ. ಅದು ಸಿಸ್ಟಮ್ ಮಾತ್ರ ಉಳಿಸುತ್ತದೆ, ನಿಮ್ಮ ಕಡತಗಳನ್ನಲ್ಲ. ಫೆಡೋರಾ ದೊಡ್ಡ ಅಪ್‌ಡೇಟನ್ನು ರೀಸ್ಟಾರ್ಟ್ ಹೊತ್ತಿಗೆ ಹಾಕುತ್ತದೆ, ಆ ಐದು ನಿಮಿಷ ನಿಜಕ್ಕೂ ಜೀವ ಹಿಡಿದು ಕೂರಬೇಕು. ಅದರದೇ ಇನ್ನೊಂದು ರೂಪ ಸಿಲ್ವರ್‌ಬ್ಲೂ ಹಾಗಲ್ಲ: ಹೊಸ ಸಿಸ್ಟಮ್ಮನ್ನು ಪಕ್ಕದಲ್ಲಿ ಪೂರ್ತಿ ಕಟ್ಟಿ ಆಮೇಲೆ ಬದಲಿಸುತ್ತದೆ, ನಡುವೆ ಕರೆಂಟ್ ಹೋದರೂ ಹಳೆಯದು ಏಳುತ್ತದೆ.

ಅದೇ ಅಂಗಡಿಯ 4 ಜಿಬಿ ಯಂತ್ರದಲ್ಲಿ ಉಬುಂಟುಗೆ ಅಂಕ ಕಡಿಮೆಯಾದದ್ದು. ಅದರ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜಾಗಿ ಬರುತ್ತದೆ, ಹಾರ್ಡ್ ಡಿಸ್ಕ್ ಮೇಲೆ ಮೊದಲ ಸಲ ತೆರೆಯುವಾಗ ಗಿರಾಕಿ ಮುಂದೆ ಮುಖ ಮುಖ ನೋಡುವಂತಾಗುತ್ತದೆ. ಮಿಂಟ್‌ನ ಹಗುರ ರೂಪ ಎಕ್ಸ್‌ಎಫ್‌ಸಿಇ ಅದೇ ಡಿಸ್ಕಿನಲ್ಲಿ ಅಡ್ಡಿಯಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಡಿಸ್ಟ್ರೋ ಬದಲಿಸುವ ಮುಂಚೆ ಎಸ್‌ಎಸ್‌ಡಿ ಹಾಕಿ.

ಪ್ರಿಂಟರ್‌ಗಳಲ್ಲಿ ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ಎಚ್‌ಪಿಲಿಪ್ ಎಂಬ ಡ್ರೈವರ್ ಜೊತೆ ಅದರ ಪ್ಲಗಿನ್ ಬೇಕೇ ಬೇಕು, ಯಾಕಂದರೆ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರೇ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು. ಎರಡರ ಆವೃತ್ತಿ ಒಂದೇ ಇರಬೇಕು. ಮಿಂಟ್ 21ರಿಂದ 22ಕ್ಕೆ ಏರಿಸಿದ ಮೇಲೆ ಪ್ರಿಂಟ್ ನಿಂತರೆ ಪ್ಲಗಿನ್ ಮತ್ತೆ ಹಾಕಿ. ಕ್ಯಾನನ್ ಎಲ್‌ಬಿಪಿ2900 ಮಾತ್ರ ಕ್ಯಾಪ್ಟ್ ಎಂಬ ಬೇರೆಯೇ ಭಾಷೆಯದು. ಲಿನಕ್ಸ್‌ನಲ್ಲಿ ನಡೆಸಬಹುದು, ಆದರೆ ದಿನಕ್ಕೆ ಐನೂರು ಪುಟ ತೆಗೆಯುವ ಅಂಗಡಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಉದ್ಯಮಬಾಗದ ಕಂಪ್ಯೂಟರ್‌ನಲ್ಲಿ ಕೆಲಸ ಒಂದೇ, ಯುಎಸ್‌ಬಿ-ಸೀರಿಯಲ್ ಕೇಬಲ್‌ನಿಂದ ಸಿಎನ್‌ಸಿಗೆ ಪ್ರೋಗ್ರಾಂ ಕಳಿಸುವುದು. ಡ್ರೈವರ್ ಕರ್ನೆಲ್‌ನಲ್ಲೇ ಇದೆ. ಆದರೂ "ಪರ್ಮಿಷನ್ ಡಿನೈಡ್" ಬಂದರೆ ಯೂಸರ್ಸ್ ಅಂಡ್ ಗ್ರೂಪ್ಸ್‌ನಲ್ಲಿ ಆ ಬಳಕೆದಾರನನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ ಲಾಗ್ ಔಟ್ ಆಗಬೇಕು. ಸಿಎಚ್340 ಚಿಪ್ಪಿನ ಅಗ್ಗದ ಕೇಬಲ್ ಚುಚ್ಚಿದ ಕ್ಷಣ ಪೋರ್ಟ್ ಕಾಣಿಸಿ ಮಾಯವಾದರೆ, ಅಂಧರ ಬ್ರೈಲ್ ಯಂತ್ರಕ್ಕಾಗಿ ಇರುವ ಬಿಆರ್‌ಎಲ್‌ಟಿಟಿವೈ ಅದನ್ನು ತನ್ನದೆಂದು ತಿಳಿದು ಕಸಿದುಕೊಂಡಿದೆ, ಉಬುಂಟು 22.04 ಮತ್ತು ಅದರ ಮೇಲೆ ಕಟ್ಟಿದ ಮಿಂಟ್ 21ರಲ್ಲಿ ಇದು ಮಾಮೂಲು. ಬ್ರೈಲ್ ಯಂತ್ರ ಬಳಸುವವರು ಅಲ್ಲಿ ಇಲ್ಲದಿದ್ದರೆ ಆ ಪ್ಯಾಕೇಜ್ ತೆಗೆದುಹಾಕಿ.

ಟ್ಯಾಲಿ ಬೇಕಾದವರು, ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡ ಸೇವಾ ಕೇಂದ್ರದವರು ವಿಂಡೋಸ್ ಅಳಿಸಬೇಡಿ. 256 ಜಿಬಿ ಎಸ್‌ಎಸ್‌ಡಿಯಲ್ಲಿ 120 ಅದಕ್ಕೆ ಬಿಟ್ಟರೆ ಇಬ್ಬರಿಗೂ ಜಾಗ ಸಾಕು.